ಚಂದ್ಯಾನ ಅಷ್ಟಮಿ

ಮೊನ್ನೆ ಸಂಜೆ ಫೋನಿನಲ್ಲಿ ಮಾತಾಡುತ್ತ ಹಂಚಿನ ಮೇಲಿದ್ದ ಜೋಳದ ರೊಟ್ಟಿಯನ್ನು ಮರೆತುಬಿಟ್ಟೆ. ಇಚಲಕರಂಜಿಯ ನಮ್ಮ ಮನೆ ಇರುವುದು ಮೂರನೆಯ ಮಹಡಿಯಲ್ಲಿ. ಕೆಳಗಿನ ಓಣಿಯಲ್ಲಿ ಮಗ್ಗಗಳ ಖಟಪಟ ಹಗಲೆಲ್ಲ ನಡೆದೇ ಇರುತ್ತದೆ. ಕಿವಿ ಅದಕ್ಕೆ ಒಗ್ಗಿಹೋಗಿ ಈಗ ಸದ್ದು ನಿಂತರೇ ಗಾಬರಿಯಾಗುತ್ತದೆ. ಮೂಗು ಹಾಗಲ್ಲ, ಅದು ಯಾವುದಕ್ಕೂ ಒಗ್ಗುವುದಿಲ್ಲ, ಏನನ್ನೂ ಮರೆಯುವುದಿಲ್ಲ. ರೊಟ್ಟಿಯ ಅಂಚು ಹೊತ್ತಿ, ಅರ್ಧ ಕಹಿ ಅರ್ಧ ಸಿಹಿಯಾದ ಆ ಸೀದ ವಾಸನೆ ಬಂದದ್ದೇ ತಡ, ಹೊರಗೆ ಸೋಫಾದ ಮೇಲೆ ಒರಗಿದ್ದ ನಮ್ಮ ಸಾಹೇಬರು ತಲೆ ಎತ್ತಿದರು. ಸಾಹೇಬರೆಂದರೆ ನನ್ನ ಮಗಳು ಸಾಕಿದ ಲ್ಯಾಬ್ರಡಾರ್ ನಾಯಿ, ಬ್ರೂನೋ. ಪಾಕೀಟಿನ ಕಾಳು ಬಿಟ್ಟು ಬೇರೆ ಏನನ್ನೂ ಮೂಸದ ಘನವಂತ. ಅವನಿಗೆ ಬೇರೆ ಸಾಬೂನು, ಬೇರೆ ಬ್ರಶ್ಶು, ಹುಟ್ಟುಹಬ್ಬಕ್ಕೆ ಕೇಕು. ಇಷ್ಟು ಉಪಚಾರ ನಮ್ಮ ಹಿರಿಯರಿಗೆ ಸಿಕ್ಕಿದ್ದರೆ ಅವರೆಲ್ಲ ಇನ್ನೂ ಗಟ್ಟಿಯಾಗಿ ಇರುತ್ತಿದ್ದರು ಎಂದು ನಾನು ಮಗಳನ್ನು ಕೆಣಕುತ್ತಿರುತ್ತೇನೆ. ಆದರೆ ಆ ಹೊತ್ತಿಗೆ ಕೆಣಕುವುದು ಹಾಗಿರಲಿ, ಗ್ಯಾಸು ಆರಿಸುವುದೂ ನನಗೆ ನೆನಪಾಗಲಿಲ್ಲ. ರೊಟ್ಟಿಯನ್ನು ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲು ಹುಡುಕಿದೆ. ಮೂರನೆಯ ಮಹಡಿಯಲ್ಲಿ ಹಿತ್ತಲು ಎಲ್ಲಿಂದ ಬರಬೇಕು!

ನನ್ನ ಮೂಗು ಹುಡುಕಿದ್ದು ನನ್ನ ತವರೂರು ದಾನೋಳಿಯ ಮನೆಯ ಹಿತ್ತಲ ಬಾಗಿಲನ್ನು. ಆ ಮನೆ ಈಗಿಲ್ಲ. ಕಾಕಾ ಅದನ್ನು ಕೆಡವಿಸಿ ಸ್ಲ್ಯಾಬಿನ ಮನೆ ಕಟ್ಟಿಸಿದ. ಒಳ್ಳೆಯ ಮನೆಯೇ, ಬೇಸಿಗೆಯಲ್ಲಿ ಕೂತವರನ್ನು ಬೇಯಿಸುತ್ತದೆ ಅನ್ನುವುದೊಂದು ಬಿಟ್ಟರೆ. ಹಳೆಯ ಮನೆಯ ಅಡುಗೆಮನೆ ಪಡುವಣಕ್ಕೆ ತೆರೆದುಕೊಂಡಿತ್ತು. ಬಾಗಿಲಾಚೆ ಒಂದು ಕಲ್ಲು, ಕಲ್ಲಿನಾಚೆ ಕಬ್ಬು, ಕಬ್ಬಿನಾಚೆ ಸೂರ್ಯ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಹಾಗಾಗಿ ನಮ್ಮ ಮನೆಯ ಸಂಜೆ ಅಡುಗೆಗೆ ದೀಪವೇ ಬೇಕಿರಲಿಲ್ಲ. ಹಳದಿ ಬಿಸಿಲು ಬಾಗಿಲಿನಿಂದ ನೇರ ಒಲೆಯ ತನಕ ಬಂದು, ಒಲೆಯ ಮುಂದೆ ಮಣೆಯ ಮೇಲೆ ಕೂತ ಆಯಿಯ ಬಳೆಗಳ ಮೇಲೆ ಬೀಳುತ್ತಿತ್ತು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಮೊದಲ ರೊಟ್ಟಿ ಆಕಳಿಗೆ, ಕಡೇ ರೊಟ್ಟಿ ನಾಯಿಗೆ, ನಡುವಿನವೆಲ್ಲ ನಮಗೆ. ಕಡೇ ರೊಟ್ಟಿಯೆಂದರೆ ಪರಾತದ ಅಂಚಿಗೆ ಅಂಟಿದ ಹಿಟ್ಟನ್ನೆಲ್ಲ ಬಳಿದು ತಟ್ಟಿದ, ಹಿಮ್ಮಡಿಯಷ್ಟು ದಪ್ಪದ ರೊಟ್ಟಿ. ಅದನ್ನು ಹಂಚಿಗೆ ಹಾಕಿದ ಮೇಲೆ ದಿನದ ಕೆಲಸ ಮುಗಿಯಿತಲ್ಲ, ಆಯಿ ಗೋಡೆಗೆ ಬೆನ್ನು ಆನಿಸಿ, ಕಣ್ಣು ಮುಚ್ಚಿ, ಬೆರಳ ಗೆಣ್ಣುಗಳನ್ನು ಎಣಿಸುತ್ತ ಜಪಕ್ಕೆ ಕೂತುಬಿಡುತ್ತಿದ್ದಳು. ಅವಳ ಬೆನ್ನಿನ ಎಣ್ಣೆ ಹತ್ತಿ ಗೋಡೆಯ ಮೇಲೆ ಒಂದು ಕಪ್ಪು ಕಲೆಯೇ ಆಗಿತ್ತು. ಜಪ ಮುಗಿದು ಕಣ್ಣು ಬಿಡುವಷ್ಟರಲ್ಲಿ ರೊಟ್ಟಿಯ ಒಂದು ಅಂಚು ಕರ್ರಗಾಗಿರುತ್ತಿತ್ತು. ಅದನ್ನು ತಿರುವಿಯೂ ನೋಡದೆ ಎತ್ತಿ ಹೊರಗಿನ ಕಲ್ಲಿನ ಮೇಲೆ ಇಡುತ್ತಿದ್ದಳು. ಅಷ್ಟರಲ್ಲಿ ಚಂದ್ಯಾ ಅಲ್ಲಿ ಬಂದು ನಿಂತಿರುತ್ತಿದ್ದ.

ಚಂದ್ಯಾ ನಮ್ಮ ಮನೆಗೆ ಬಂದದ್ದು ಕುರಿಗಳ ಸಂಗಡ. ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಕೂಡ್ರಿಸಲು ಬರುತ್ತಿದ್ದ ಬೀರಪ್ಪ ಒಂದು ಸಲ ಕಂಬಳಿಯೊಳಗಿಂದ ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಕರಿ ನಾಯಿಮರಿಯೊಂದನ್ನು ತೆಗೆದು ಆಯಿಯ ಮುಂದಿಟ್ಟ. "ಸಾಕ್ರಿ ಬಾಯಾರ, ಭಾಳ ಹುಷಾರ ಐತಿ." ಆಯಿ ಹಿಂದೆ ಸರಿದಳು. "ಬಾಡ ತಿನ್ನೂ ಕುಲ, ನಮ್ಮ ಮನ್ಯಾಗ ಹ್ಯಾಂಗ ಬಾಳತೈತೋ ತಮ್ಮಾ?" ಬೀರಪ್ಪ ನಕ್ಕ. "ನೀವು ಹಾಕಿದ್ದ ತಿಂತೈತ್ರಿ. ಇಲ್ಲಾಂದ್ರ ನಮ್ಮಂಥಾವ್ರ ಹಟ್ಟಿಗಿ ಓಡಿ ಬರತೈತಿ." ಓಡಿ ಹೋಗಲಿಲ್ಲ. ಹೊಸತಿನಲ್ಲಿ ಒಮ್ಮೆ ಮರಿ ಹೊಸ್ತಿಲು ದಾಟಿ ಒಳಗೆ ಬಂದಾಗ ಆಯಿ ಸೌದೆ ಎತ್ತಿ, "ಒಳಗ ಬಂದಿ ಅಂದ್ರ ಕಾಲ ಮುರಿತೇನಿ," ಅಂದಳು. ಇರುವೆ ತುಳಿಯದೆ ನಡೆಯುವ ಹೆಂಗಸು ಯಾರ ಕಾಲನ್ನು ಮುರಿದಾಳು! ನಾವು ಮಕ್ಕಳು ಅದನ್ನು ಎಂದೂ ನಂಬಿರಲಿಲ್ಲ, ನಾಯಿ ಮಾತ್ರ ನಂಬಿತು. ಆಮೇಲೆ ಎಷ್ಟೋ ವರ್ಷ ಅವನು ಆ ಹೊಸ್ತಿಲು ದಾಟಲಿಲ್ಲ.

ನನಗೆ ಅವನ ಬಗ್ಗೆ ಮುಗಿಯದ ಪ್ರಶ್ನೆಗಳಿದ್ದವು. ಮಲಗುವ ಮೊದಲು ಯಾಕೆ ಸುತ್ತು ಹಾಕುತ್ತಾನೆ? ಟ್ರ್ಯಾಕ್ಟರಿಗೆ ಸುಮ್ಮನಿರುವವನು ಎಸ್ಟಿ ಬಸ್ಸಿಗೇ ಯಾಕೆ ಬೊಗಳುತ್ತಾನೆ? ಅರ್ಧ ರೊಟ್ಟಿಯನ್ನು ಕಬ್ಬಿನ ಬುಡದಲ್ಲಿ ಹೂತಿಟ್ಟು, ಮರುದಿನ ಬೇರೆ ಎಲ್ಲೋ ಯಾಕೆ ಕೆದರುತ್ತಾನೆ? "ಸುತ್ತ ಹಾಕೂದು ಪ್ರದಕ್ಷಿಣಿ, ಬಸ್ಸಿಗೆ ಬೊಗಳೂದು ತಿಕೀಟ ಕೇಳಾಕ, ಇನ್ನ ಸುಮ್ಮ ಕುಂದರ," ಎಂದು ಆಯಿ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಅವಳು ಅವನನ್ನು ಸಾಕುವ ರೀತಿಯೇ ಒಂದು ತಮಾಷೆ. ಬೇವಿನ ಎಲೆ ಕುದಿಸಿದ ನೀರಿನಲ್ಲಿ ಮೀಯಿಸಿ, ಬಿಸಿಲಿಗೆ ಕೂಡಿಸಿಕೊಂಡು, ಕಿವಿಯೊಳಗಿನ ಉಣ್ಣೆಗಳನ್ನು ಒಂದೊಂದಾಗಿ ಬಿಡಿಸುವಳು. ಆದರೆ ಕೊಲ್ಲುವ ಹಾಗಿಲ್ಲ, ಅವೂ ಜೀವ! ತೆಂಗಿನ ಕರಟದಲ್ಲಿ ತುಂಬಿ ನನ್ನ ಕೈಗೆ ಕೊಟ್ಟು, "ದೂರ ಬೇಲ್ಯಾಗ ಬಿಟ್ಟು ಬಾ," ಅನ್ನುವಳು. ನಾನು ಕರಟ ಹಿಡಿದು ಹೊರಟರೆ ಚಂದ್ಯಾ ನನ್ನ ಬೆನ್ನ ಹಿಂದೆ. ನಾನು ಬೇಲಿಯಲ್ಲಿ ಬಿಟ್ಟದ್ದನ್ನೆಲ್ಲ ಅವನು ಅದೇ ಬೇಲಿಯಲ್ಲಿ ಉರುಳಾಡಿ ಮೈಮೇಲೆ ಹೇರಿಕೊಂಡು ಮನೆಗೆ ತರುತ್ತಿದ್ದ.

ಇಷ್ಟರಲ್ಲೇ ಅವನಿಗೆ ಊರಲ್ಲಿ ಹೆಸರು ಬಂತು. ಅಷ್ಟಮಿ, ಚತುರ್ದಶಿಗೆ ಆಯಿಯದು ಉಪವಾಸ. ಆ ದಿನ ಅವಳು ಒಲೆಯ ಕಡೆ ಬರದೆ ಹೊತ್ತು ಮುಳುಗುವ ತನಕ ಬಸದಿಯಲ್ಲೇ ಇರುತ್ತಿದ್ದಳು. ಅಡುಗೆಯೆಲ್ಲ ಅವ್ವನದು. ಅವ್ವ ಕಲ್ಲಿನ ಮೇಲಿಟ್ಟ ಕಡೇ ರೊಟ್ಟಿಯನ್ನು ಚಂದ್ಯಾ ಆ ದಿನಗಳಲ್ಲಿ ಮುಟ್ಟುತ್ತಿರಲಿಲ್ಲ. ಹತ್ತಿರವೂ ಸುಳಿಯುತ್ತಿರಲಿಲ್ಲ. ಇದನ್ನು ಮೊದಲು ಕಂಡುಹಿಡಿದವಳು ಪಕ್ಕದ ಮನೆಯ ಸುಶೀಲಕ್ಕ. "ಅಯ್ಯ ಶಿವನ, ಈ ನಾಯಿ ಅಷ್ಟಮಿ ಹಿಡಿತೈತಲ್ಲ! ಹಿಂದಿನ ಜನ್ಮದಾಗ ಶ್ರಾವಕ ಇದ್ದಾನ!" ಶ್ರಾವಕನೆಂದರೆ ವ್ರತ ಪಾಲಿಸುವ ಜೈನ ಗೃಹಸ್ಥ. ಆಯಿ ಮೇಲೆ ಮೇಲೆ, "ಏನೋ ಯವ್ವಾ," ಎಂದರೂ ಒಳಗೆ ಹಿಗ್ಗಿ ಹೀರೇಕಾಯಿ. ಚೌತಿ ಯಾವಾಗ ಪಂಚಮಿ ಯಾವಾಗ ಎಂದು ಗೊತ್ತಿಲ್ಲದ ಗಂಡಸರಿಗೆಲ್ಲ ಊರ ಹೆಂಗಸರು ಚಂದ್ಯಾನ ಉದಾಹರಣೆ ಕೊಡತೊಡಗಿದರು. ನನಗೆ ಮಾತ್ರ ಒಂದು ಸಂಶಯ. ಮನೆಯ ಪಂಚಾಂಗ ತೂಗುತ್ತಿದ್ದದ್ದು ಪಡಸಾಲೆಯಲ್ಲಿ. ಹೊಸ್ತಿಲು ದಾಟದವನಿಗೆ ತಿಥಿ ಹೇಗೆ ತಿಳಿಯುತ್ತದೆ?

ಹೀಗಿರುವಾಗ ಆಯಿ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಕೊಲ್ಲಾಪುರದ ದವಾಖಾನೆಗೆ ಒಯ್ಯಲು ಜೀಪಿನಲ್ಲಿ ಮಲಗಿಸುವಾಗ, ಅಷ್ಟು ನೋವಿನಲ್ಲೂ ನನ್ನ ಕೈ ಹಿಡಿದು, "ಚಂದ್ಯಾಗ ಹಾಕೂದ ಮರೀಬ್ಯಾಡವಾ," ಅಂದಳು. ನಾನು ಮರೆಯಲಿಲ್ಲ. ಆದರೆ ಚಂದ್ಯಾ ತಿನ್ನಲಿಲ್ಲ. ಆ ಸಂಜೆ ತಿನ್ನಲಿಲ್ಲ, ಮರುದಿನವೂ ತಿನ್ನಲಿಲ್ಲ, ಅದರ ಮರುದಿನವೂ ಇಲ್ಲ. ಜೀಪು ಹೋದ ದಾರಿಗೆ ಮುಖ ಹಾಕಿ ಮಲಗಿದವನು ಏಳುತ್ತಿದ್ದದ್ದು ನೀರು ಕುಡಿಯಲು ಮಾತ್ರ. ಬರೀ ನೀರಿನ ಮೇಲೆ ಉಪವಾಸ ಮಾಡುವುದು ನಮ್ಮಲ್ಲಿ ದೊಡ್ಡ ವ್ರತ. ಅದನ್ನು ಕಂಡು ಜನರಿಗೆ ಇನ್ನೇನು ಬೇಕು? ಒಡತಿ ಗುಣವಾಗಲಿ ಎಂದು ನಾಯಿ ವ್ರತ ಹಿಡಿದಿದೆ ಎಂಬ ಸುದ್ದಿ ಶಿರೋಳದ ಸಂತೆಯ ತನಕ ಹೋಯಿತು. ಕಾಕಾ ಹಾಲು ತಂದು ಬಾಯಿಗೆ ಹಿಡಿಯಲು ಹೋದರೆ ಸುಶೀಲಕ್ಕ ಅಡ್ಡ ಬಂದಳು. "ವ್ರತ ಕೆಡಿಸಿದ ಪಾಪ ಏಳ ಜನ್ಮಕ್ಕೂ ಬಿಡಾಂಗಿಲ್ಲಪಾ!" ಜಾನುವಾರು ಡಾಕ್ಟರನ್ನು ಕರೆಯೋಣ ಎಂದಾಗಲೂ ಅದೇ ಮಾತು. ಕಾಕಾ ಪಾಪಕ್ಕೆ ಹೆದರಿದನೋ ಸುಶೀಲಕ್ಕನಿಗೆ ಹೆದರಿದನೋ, ಸುಮ್ಮನಾದ. ಇತ್ತ ಚಂದ್ಯಾನ ಪಕ್ಕೆಲುಬುಗಳು ಎಣಿಸುವ ಹಾಗೆ ಕಾಣತೊಡಗಿದವು. ಬಟ್ಟೆ ಒಯ್ಯಲು ಬಸ್ಸಿನಲ್ಲಿ ಬಂದುಹೋಗುತ್ತಿದ್ದ ಅಪ್ಪ, "ಆಯಿ ದಿನಾ ಕೇಳತಾಳ, ಚಂದ್ಯಾ ಉಂಡಾನೇನ ಅಂತ. ಉಂಡಾನ ಅಂತ ಹೇಳೇನಿ," ಎಂದು ನೆಲ ನೋಡುತ್ತ ಹೇಳಿದ. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಆಯಿ ನಡೆಯುತ್ತ ಮನೆಗೆ ಬಂದು, ನಾಯಿ ಎಲ್ಲಿ ಎಂದು ಕೇಳಿದರೆ ನಾನು ಏನು ತೋರಿಸಲಿ?

ನಾನು ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಕಲ್ಲು ತೊಳೆದಿಟ್ಟೆ. ಆಯಿಯ ಹಳೆಯ ಸೀರೆ ಸುತ್ತಿಕೊಂಡು ರೊಟ್ಟಿ ಹಿಡಿದೆ. ಸೀರೆ ಮೂಸಿ, ಬಾಲ ಒಂದು ಸಲ ಅಲ್ಲಾಡಿಸಿ ಮತ್ತೆ ಮಲಗಿದ. ಆಯಿಯ ದನಿ ತೆಗೆದು "ಬಾರೋ ಚಂದ್ಯಾ" ಎಂದು ಕರೆದೆ, ಕಿವಿಯೂ ಎತ್ತಲಿಲ್ಲ. ಆಗ ಥಟ್ಟನೆ ಹೊಳೆಯಿತು: ಆಯಿ ಅವನನ್ನು ಊಟಕ್ಕೆ ಎಂದೂ ಕರೆದದ್ದೇ ಇಲ್ಲ! ಕಣ್ಣು ಮುಚ್ಚಿ ಜಪ ಮಾಡುವವಳು ಹೇಗೆ ಕರೆದಾಳು? ಕರೆಯದೆಯೇ ಕಬ್ಬಿನೊಳಗಿಂದ ಸರಿಯಾದ ಹೊತ್ತಿಗೆ ಅವನು ಹೇಗೆ ಬರುತ್ತಿದ್ದ?

ಉತ್ತರವನ್ನು ತಂದವಳು ಸುಶೀಲಕ್ಕನೇ, ತನಗೇ ತಿಳಿಯದೆ. ಆ ಸಂಜೆ ಅವಳು ನಾಲ್ಕು ಹೆಂಗಸರನ್ನು ಕಟ್ಟಿಕೊಂಡು, ತೆಂಗಿನಕಾಯಿ ಅಕ್ಷತೆ ಹಿಡಿದು, ವ್ರತದ ನಾಯಿಗೆ ಕೈಮುಗಿಯಲು ಹಿತ್ತಲಿಗೆ ಬಂದಳು. ಅವ್ವ ಅವರಿಗೆ ಚಾಪೆ ಹಾಸಿ, ಆಯಿಯ ಸುದ್ದಿ ಹೇಳುತ್ತ ನಿಂತಳು. ಒಲೆಯ ಮೇಲೆ ಕಡೇ ರೊಟ್ಟಿಯಿತ್ತು. ಮೊದಲು ಚಂದ್ಯಾನ ಮೂಗು ಅಲುಗಿತು. ಆಮೇಲೆ ಕಿವಿ. ಆಮೇಲೆ ಅವನು ಎದ್ದ, ಹಿಂಗಾಲುಗಳು ನಡುಗುತ್ತಿದ್ದವು. ಕಾಯಿ ಹಿಡಿದ ಹೆಂಗಸರ ನಡುವೆ ಹಾದು ಹೊಸ್ತಿಲಿಗೆ ಬಂದು ಒಳಗೆ ಇಣುಕಿದ. "ಅಯ್ಯ, ಹೊತ್ತೇ ಬಿಡ್ತಲ್ಲ!" ಎಂದು ಅವ್ವ ಓಡಿಬಂದು ಕರ್ರಗಾದ ರೊಟ್ಟಿಯನ್ನು ಕಲ್ಲಿನ ಮೇಲೆ ಒಗೆದಳು. ಅವನು ಕೂಡಲೇ ತಿನ್ನಲಿಲ್ಲ, ಒಲೆಯ ಕಡೆ ಬಹಳ ಹೊತ್ತು ನೋಡಿದ. ಆಮೇಲೆ ಗಬಗಬ ತಿಂದ. "ಪಾರಣಿ! ಪಾರಣಿ ಮಾಡಾಕತ್ತೈತಿ ನೋಡ್ರೆವಾ!" ಎಂದು ಸುಶೀಲಕ್ಕ ಅಲ್ಲೇ ಕಾಯಿ ಒಡೆದಳು. ವ್ರತ ಮುಗಿಸಿ ಉಣ್ಣುವುದಕ್ಕೆ ನಮ್ಮಲ್ಲಿ ಪಾರಣೆ ಅನ್ನುತ್ತಾರೆ. "ಪಾರಣಿ ಅಲ್ಲ, ರೊಟ್ಟಿ ಹೊತ್ತೈತಿ, ಅದರ ವಾಸಕ್ಕ ಬಂದಾನ!" ಎಂದು ನಾನು ಕುಣಿದಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವ್ವ ಮಾತ್ರ ನನ್ನ ಮುಖ ನೋಡಿದಳು. ಮರುದಿನ ಮೊದಲು ಒಂದು ಒಳ್ಳೆಯ ರೊಟ್ಟಿ ಇಟ್ಟೆವು, ಬರಲಿಲ್ಲ. ಒಂದನ್ನು ಹೊತ್ತಿಸಿದೆವು, ಓಡಿಬಂದ. ಅವ್ವನ ರೊಟ್ಟಿಗೆ ಊರಲ್ಲಿ ಹೆಸರಿತ್ತು. "ಲಗ್ನ ಆಗಿ ಬಂದಾಗಿಂದ ಒಂದ ರೊಟ್ಟಿ ಹೊತ್ತಿಸಿಲ್ಲ. ಈಗ ಈ ನಾಯಿ ಸಲುವಾಗಿ ಹೊತ್ತಿಸೂ ಹಣೇಬಾರ ಬಂತು," ಎಂದು ಗೊಣಗುತ್ತ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ದಿನವೂ ಹೊತ್ತಿಸಿದಳು.

ಆಯಿ ಮನೆಗೆ ಬಂದಳು, ಆದರೆ ನಡೆಯುತ್ತ ಬರಲಿಲ್ಲ. ಹಿತ್ತಲ ಬಾಗಿಲಿನ ಹೊರಗೆ ಮಾಡಿನ ಕೆಳಗೆ ಅವಳ ಮಂಚ ಹಾಕಿದೆವು, ಮಂಚದ ಕೆಳಗೆ ಚಂದ್ಯಾ. ನಾನು ಕಥೆಯನ್ನೆಲ್ಲ ಹೇಳಿದಾಗ ಅವಳು ಸೊಂಟ ಹಿಡಿದುಕೊಂಡು ನಕ್ಕಳು. "ನನ್ನ ರೊಟ್ಟಿ ದಿನಾ ಹೊತ್ತತಿತ್ತೇನ? ಇಷ್ಟ ವರ್ಷ ಒಬ್ಬರೂ ಹೇಳಲಿಲ್ಲಲ್ಲ! ಹಂಗಾರ ಅವನ ಅಷ್ಟಮೀನೂ ಸುಳ್ಳ, ನನ್ನ ಜಪಾನೂ ಸುಳ್ಳ. ರೊಟ್ಟಿ ಹೊತ್ತಿದ್ದೊಂದ ಖರೆ." ಸುಶೀಲಕ್ಕ ಮಾತ್ರ ಕಡೆಯ ತನಕ ಒಪ್ಪಲಿಲ್ಲ.

ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಆಯಿ ಹೋದಳು. ಜನ ಸೇರುತ್ತಾರೆಂದು ಕಾಕಾ ಚಂದ್ಯಾನನ್ನು ಮೊದಲೇ ಹೊಲದ ಗುಡಿಸಲಿಗೆ ಒಯ್ದು ಕಟ್ಟಿದ್ದ. ಏನಾಯಿತೆಂದು ಅವನಿಗೆ ತೋರಿಸಿದವರಿಲ್ಲ. ಮನೆಯಲ್ಲಿ ಮತ್ತೆ ಒಲೆ ಹೊತ್ತಿದ ಸಂಜೆ ಕಾಕಾ ಅವನ ಹಗ್ಗ ಬಿಚ್ಚಿದ. ಅವ್ವ ಕಡೇ ರೊಟ್ಟಿಯನ್ನು ಹೊತ್ತಿಸಿದಳು. ಚಂದ್ಯಾ ಕಬ್ಬು ಸೀಳಿಕೊಂಡು ಬಂದ, ಬಾಲವಷ್ಟೇ ಅಲ್ಲ, ಇಡೀ ಮೈಯೇ ಅಲ್ಲಾಡುತ್ತಿತ್ತು. ಮಾಡಿನ ಕೆಳಗೆ ಮಂಚವಿರಲಿಲ್ಲ. ಕಲ್ಲಿನ ಮೇಲಿನ ರೊಟ್ಟಿಯನ್ನು ಅವನು ನೋಡಲೂ ಇಲ್ಲ. ಹೊಸ್ತಿಲಿನ ಒಳಗೆ ಒಂದು ಕಾಲಿಟ್ಟು ಅವ್ವನ ಮುಖ ನೋಡಿದ. ಅವ್ವ ಸೌದೆ ಎತ್ತಲಿಲ್ಲ. ಇನ್ನೊಂದು ಕಾಲಿಟ್ಟ. ಒಳಗೆ ಬಂದು ಮಣೆಯನ್ನು ಮೂಸಿದ, ಒಲೆಯ ಹಿಂದೆ ನೋಡಿದ, ಗೋಡೆಯ ಮೇಲಿನ ಎಣ್ಣೆಯ ಕಲೆಗೆ ಮೂಗು ಹಚ್ಚಿ ಸುಮ್ಮನೆ ನಿಂತ. ಅವ್ವ ನೆಲಕ್ಕೆ ಕೂತು, "ಉಣ್ಣ ಹೋಗಪಾ. ನಾನೂ ಹುಡಕಾಕತ್ತೇನಿ," ಅಂದಳು. ಅವನು ಹೊರಗೆ ಹೋಗಿ ಉಂಡ.

ಹೊತ್ತಿಸಿದರೆ ಬಂದು ಹುಡುಕುತ್ತಾನೆ, ಹೊತ್ತಿಸದಿದ್ದರೆ ಉಣ್ಣುವುದಿಲ್ಲ. ಏನು ಮಾಡುವುದೆಂದು ಅವ್ವ ಎಷ್ಟೋ ಸಂಜೆ ಹಂಚಿನ ಮುಂದೆ ಕೂತು ಯೋಚಿಸುವುದನ್ನು ನೋಡಿದ್ದೇನೆ. ಕೊನೆಗೆ ಹೊತ್ತಿಸುತ್ತಲೇ ಇದ್ದಳು, ಅವನು ಇರುವ ತನಕ. ಪ್ರತಿ ಸಂಜೆ ಅವನು ಒಳಗೆ ಬಂದು, ನೋಡಿ, ಹೊರಗೆ ಹೋಗಿ ಉಣ್ಣುತ್ತಿದ್ದ. ನಾಯಿಗೆ ಎಷ್ಟು ತಿಳಿಯುತ್ತದೆ, ಎಷ್ಟು ತಿಳಿಯುವುದಿಲ್ಲ ಎಂಬ ನನ್ನ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ.

ಮೊನ್ನೆ ಬ್ರೂನೋ ಅಡುಗೆಮನೆಗೆ ಬಂದು ನನ್ನ ಕೈ ಮೂಸಿದ. ಕರ್ರಗಿನ ಅಂಚು ಮುರಿದು ಕೊಟ್ಟೆ. "ಮಮ್ಮಿ, ಅವಗ ಅದನ್ನ ಹಾಕಬ್ಯಾಡ!" ಎಂದು ಮಗಳು ಕೂಗುವಷ್ಟರಲ್ಲಿ ಕರುಂಕುರುಂ ತಿಂದು ಮುಗಿಸಿ, ತುಟಿ ನೆಕ್ಕಿಕೊಂಡು ಮತ್ತೆ ಸೋಫಾಕ್ಕೆ ಹೋದ. ಅವನಿಗೆ ಆ ವಾಸನೆಯಲ್ಲಿ ಹುಡುಕಲು ಯಾರೂ ಇರಲಿಲ್ಲ. ನಾನು ಗ್ಯಾಸು ಆರಿಸಿ, ಹಂಚು ತಣ್ಣಗಾಗುವ ತನಕ ಅಲ್ಲೇ, ಬರೀ ಗೋಡೆಯ ಕಡೆ ನೋಡುತ್ತ ನಿಂತಿದ್ದೆ.