ಸೆಲಿನ್ ಆಂಟಿಯ ಹೊಗೆಕಂಡಿ

ಮೊದಲೇ ಹೇಳಿಬಿಡುತ್ತೇನೆ, ಗೋಡೆಯ ಕಂಡಿಗೆ ಬಾಯಿ ಇಟ್ಟು ಸತ್ತವರ ಸ್ವರ ತೆಗೆದ ಮಂಗ ನಾನೇ. ಮಿಮಿಕ್ರಿ ನನ್ನ ಚಟ. ಕುಲಶೇಖರದ ನಮ್ಮ ಓಣಿಯಲ್ಲಿ ನನ್ನಿಂದ ತಪ್ಪಿಸಿಕೊಂಡವರಿಲ್ಲ. ಬಸ್ಸಿನ ಕಂಡಕ್ಟರ್, ಇಗರ್ಜಿಯ ಫಾದರ್, ಮೀನಿನ ಹೆಂಗಸು, ಹುಡುಗಿ ನೋಡಲು ಹೋಗಿ ತೊದಲಿದ ನಾನು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಯಾರಾದರೂ ಆತ್ಮ, ಪ್ರೇತ ಅಂತ ಶುರುಮಾಡಿದರೆ ಅವರ ಸ್ವರದಲ್ಲೇ ಅವರನ್ನು ಗೇಲಿ ಮಾಡುತ್ತಿದ್ದೆ. ಆಗ ನಂಬಿಕೆ ಇರಲಿಲ್ಲ. ಈಗ ಉಂಟಾ ಅಂತ ಕೇಳಿದರೆ, ಗೊತ್ತಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಅಡುಗೆಮನೆ ಒಡೆಸಿ ಹೊಸದು ಮಾಡಿಸಿದೆವು. ಸೌದೆ ಒಲೆಯ ಕಾಲದ ಒಂದು ಹೊಗೆಕಂಡಿ ಗೋಡೆಯ ಮೇಲ್ಗಡೆ ಇತ್ತು. ದೊಡ್ಡಪ್ಪ ಅದೇ ಗೋಡೆಗೆ ತಾಗಿಸಿ ತಮ್ಮ ಅಡುಗೆಮನೆ ಕಟ್ಟಿದ ಮೇಲೆ ಅದರಲ್ಲಿ ಹೊಗೆ ಹೋಗುವುದು ನಿಂತು ಮಾತು ಹೋಗಲು ಶುರುವಾಯಿತು. ಆಚೆಯಿಂದ ದೊಡ್ಡಪ್ಪನ ಹೆಂಡತಿ ಸೆಲಿನ್ ಆಂಟಿ, ಈಚೆಯಿಂದ ಮಮ್ಮಿ. ಸಾರಿಗೆ ಉಪ್ಪು ಹೆಚ್ಚಾದದ್ದು, ಗಂಡಂದಿರ ಮೇಲಿನ ದೂರು, ಎಲ್ಲ ಆ ಕಂಡಿಯಲ್ಲೇ.

ಪಪ್ಪ ತೀರಿಕೊಂಡ ಮರುವರ್ಷ ಆಂಟಿಯ ಮಗಳ ಮದುವೆ. ಹಿಂದಿನ ದಿನ ರೋಸ್. ಅಂದರೆ ನೆಂಟರೆಲ್ಲ ಸಾಲಾಗಿ ಬಂದು ಮದುಮಗಳಿಗೆ ತೆಂಗಿನಹಾಲು ಹಚ್ಚುವುದು. ಮಮ್ಮಿ ಕೈ ಮುಂದೆ ಮಾಡಿದಾಗ ಆಂಟಿ ಚಪ್ಪರದ ತುಂಬ ಇದ್ದ ಜನರ ಎದುರೇ, "ನೀನು ಬೇಡ ಲೀನಾ, ಗಂಡ ಇಲ್ಲದವರು ಹಾಕುವ ಕ್ರಮ ಇಲ್ಲ" ಅಂದರು. ಆ ಹುಡುಗಿಯನ್ನು ಎತ್ತಿ ಆಡಿಸಿ, ಮೀಯಿಸಿ ದೊಡ್ಡದು ಮಾಡಿದ್ದು ಮಮ್ಮಿ. ಮನೆಗೆ ಬಂದ ಕೂಡಲೇ ಮಮ್ಮಿ ಹಳೆ ಸೀರೆಯೊಂದನ್ನು ಕಂಡಿಗೆ ತುರುಕಿದರು. ಆಮೇಲೆ ಮಾತಿಲ್ಲ. ಆಂಟಿ ಸತ್ತಾಗ ಮಮ್ಮಿ ಇಗರ್ಜಿಗೆ ಹೋದರು, ಮುಖ ಮಾತ್ರ ನೋಡಲಿಲ್ಲ. ದೊಡ್ಡಪ್ಪ ಮೊದಲೇ ತೀರಿಕೊಂಡಿದ್ದರು. ಮಗಳು ಮನೆಗೆ ಬೀಗ ಹಾಕಿ ದುಬೈಗೆ ಹೋದಳು.

ಕೆಲಸದ ದಿನ ಮೇಸ್ತ್ರಿ ಜಯಣ್ಣ ಆ ಸೀರೆಯನ್ನು ಎಳೆದು ಹಾಕಿ, "ಇದಕ್ಕೆ ಕಲ್ಲಿಟ್ಟು ಮುಚ್ಚುವುದಲ್ವಾ?" ಅಂತ ಕೇಳಿ ಚಹಾ ಕುಡಿಯಲು ಅಂಗಳಕ್ಕೆ ಹೋದ. ಮಧ್ಯಾಹ್ನದ ಬಿಸಿಲು. ಮಮ್ಮಿ ಬಾಗಿಲಲ್ಲಿ ನಿಂತು ಕಂಡಿಯನ್ನೇ ನೋಡುತ್ತಿದ್ದರು. ಆ ಮುಖ ನನಗೆ ನೋಡಲಾಗಲಿಲ್ಲ. ನಗಿಸೋಣ ಅಂತ ಸ್ಟೂಲ್ ಹತ್ತಿ, ಕಂಡಿಗೆ ಬಾಯಿ ಇಟ್ಟು, ಆಂಟಿಯ ಮೂಗಿನ ಸ್ವರದಲ್ಲಿ, "ಲೀನಾ, ಇವತ್ತು ಎಂತ ಸಾರು?" ಅಂತ ಕೂಗಿದೆ. ಮಮ್ಮಿ ನಗಲಿಲ್ಲ.

ಮುಖ ಸಣ್ಣದು ಮಾಡಿಕೊಂಡು ಇಳಿದೆ. ನನ್ನ ಬಾಯಿ ಮುಚ್ಚಿತ್ತು, ಇದನ್ನು ದಯವಿಟ್ಟು ನಂಬಿ. ಆಗ ಕಂಡಿಯೊಳಗಿಂದ ಕೊಂಕಣಿಯಲ್ಲಿ ಬಂತು: "ಯೇ ಗೋ ಲೀನಾ, ತುಂಯೀ ರೋಸ್ ಘಾಲ್." ಬಾರೇ ಲೀನಾ, ನೀನೂ ರೋಸ್ ಹಾಕು. ಹಿಂದೆಯೇ ಆಂಟಿಯ ಆ ಒಣ ಕೆಮ್ಮು. ಆ ಕೆಮ್ಮನ್ನು ಎಷ್ಟು ಅಭ್ಯಾಸ ಮಾಡಿದರೂ ನನಗೆ ಯಾವತ್ತೂ ಸರಿ ಬಂದದ್ದಿಲ್ಲ.

ಜಯಣ್ಣನನ್ನು ಕರೆದು ಕಂಡಿಯೊಳಗೆ ಸರಳು ಹಾಕಿಸಿದೆ. ಠಣ್ ಅಂತ ತಾಗಿತು. ಆಚೆ ಕಡೆಯವರು ಯಾವತ್ತೋ ಸಿಮೆಂಟ್ ಹಾಕಿ ಗಟ್ಟಿ ಮುಚ್ಚಿಬಿಟ್ಟಿದ್ದರು. "ಇಲಿ ಹೋಗ್ಲಿಕ್ಕೂ ಜಾಗ ಇಲ್ಲ ಮಾರಾಯ್ರೆ" ಅಂದ ಅವನು. ಓಡಿಹೋಗಿ ನೋಡಿದೆ, ಆ ಮನೆಯ ಬೀಗ ಹಾಗೆಯೇ ಇತ್ತು.

ಯಾರಿಗೆ ಹೇಳಿದರೂ, "ನೀನೇ ಮಾಡಿದ್ದಲ್ವಾ, ಇನ್ನೊಮ್ಮೆ ಮಾಡು" ಅನ್ನುತ್ತಾರೆ. ಊರಿಡೀ ಬೇರೆಯವರ ಸ್ವರ ಕದ್ದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಾ? ಇವತ್ತಿಗೂ ನನಗೆ ಇದರ ತಲೆಬುಡ ಗೊತ್ತಾಗಿಲ್ಲ. ಮಮ್ಮಿಗೆ ಮಾತ್ರ ಆವತ್ತೇ ಸಂಶಯ ಇರಲಿಲ್ಲ. "ನಾನಲ್ಲ ಮಮ್ಮಿ" ಅಂದೆ. "ಗೊತ್ತುಂಟು" ಅಂದರು.

ಅಷ್ಟರಲ್ಲಿ ಜಯಣ್ಣ ಸಿಮೆಂಟ್ ಕಲಸಿ ತಂದ. ನಾನು ತಡೆದೆ. ಕಂಡಿ ಇರಲಿ ಮಮ್ಮಿ, ಆಂಟಿ ಕರೆದಾಯಿತಲ್ಲ, ಒಮ್ಮೆ ಓಗೊಟ್ಟು ಜಗಳ ಮುಗಿಸಿಬಿಡಿ ಅಂತ ಬೇಡಿಕೊಂಡೆ. ಮಮ್ಮಿ ಬಾಗಿಲು ಬಿಟ್ಟು ಒಳಗೆ ಬಂದರು. ನನ್ನನ್ನು ನೋಡಲಿಲ್ಲ, ಕಂಡಿಗೇ ಕೇಳುವ ಹಾಗೆ ಹೇಳಿದರು:

"ಮುಚ್ಚು ಜಯಣ್ಣ. ಅಷ್ಟು ಜನರ ಎದುರು ಬೇಡ ಅಂದವಳು, ಯಾರೂ ಇಲ್ಲದಾಗ ಬಾ ಅಂದರೆ ನಾನು ಹೋಗುವವಳಲ್ಲ."