ಗಾಜಿನ ಬಾಗಿಲಿನ ಕೆಂಪು ಪಟ್ಟಿ

ಪಾರದರ್ಶಕತೆಯೇ ನಾಗರಿಕತೆಯ ಅಡಿಪಾಯ. ಈ ಮಾತನ್ನು ಮೂಗಿಗೆ ಐಸ್ ಒತ್ತಿಕೊಂಡು ಕೂತವರ ಎದುರು ಮಾತ್ರ ಆಡಬಾರದು.

ಕಳೆದ ವಾರ ನಮ್ಮ ಮನೆಯಲ್ಲಿ ಹಾಗೆ ಕೂತಿದ್ದವಳು ನನ್ನ ಅಕ್ಕ. ವಯಸ್ಸು ಎಪ್ಪತ್ತೊಂದು. ಕೊಟ್ಟೂರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಇದ್ದಾಳೆ ಅನ್ನುವುದಕ್ಕಿಂತ, ಅಲ್ಲಿಂದ ಹೊರಡುತ್ತಿರುತ್ತಾಳೆ ಅನ್ನುವುದೇ ಸರಿ. ಒಂದು ವಾರ ಕೂಡ್ಲಿಗಿಯ ಮಗಳು, ಇನ್ನೊಂದು ವಾರ ಹಡಗಲಿಯ ಗೆಳತಿ, ನಡುವೆ ಹರಪನಹಳ್ಳಿಯ ನಾವು. ಒಬ್ಬಳೇ ಬಸ್ಸು ಹತ್ತುತ್ತಾಳೆ, ಒಬ್ಬಳೇ ಇಳಿಯುತ್ತಾಳೆ. ಕರೆದೊಯ್ಯಲು ಬಸ್‌ಸ್ಟ್ಯಾಂಡಿಗೆ ಬರಲೇ ಅಂದರೆ, "ಯಾಕ, ನಾ ಏನ್ ಪಾರ್ಸಲ್ಲಾ?" ಅನ್ನುತ್ತಾಳೆ.

ಹೀಗೆ ಒಂಟಿಯಾಗಿ ತಿರುಗಿದ್ದು ಸಾಕು ಅಂತ ಮಗ ವರ್ಷದಿಂದ ಹೇಳುತ್ತಿದ್ದಾನೆ. ಅವನಿಗೆ ಒಂದು ಕಾರಣ ಬೇಕಿತ್ತು, ಅಷ್ಟೇ. ಅದನ್ನು ಒದಗಿಸಿದ ಮಹಾನುಭಾವ ನಾನು.

ಹಾಲ್‌ಗೂ ಹಿತ್ತಲಿಗೂ ನಡುವೆ ನಾವು ಹೊಸದಾಗಿ ಗಾಜಿನ ಬಾಗಿಲು ಹಾಕಿಸಿದ್ದೇವೆ. ಕೂರಿಸಿದ ಫಿಟ್ಟರು, ಎದೆಯ ಎತ್ತರಕ್ಕೆ ಅಂಗೈ ಅಗಲದ ಕೆಂಪು ಟೇಪು ಅಂಟಿಸಿ ಹೇಳಿದ್ದ: "ಸರ, ಇದನ್ನ ಕೀಳಬ್ಯಾಡ್ರಿ. ಇಲ್ಲಿ ಗಾಜು ಐತಿ ಅಂತ ಗೊತ್ತಾಗಾಕ ಇದು." ನಾನು ಗಂಭೀರವಾಗಿ ತಲೆಯಾಡಿಸಿದೆ. (ಗಂಭೀರವಾಗಿ ತಲೆಯಾಡಿಸುವುದರಲ್ಲಿ ನನಗೆ ಬಹಳ ವರ್ಷಗಳ ಅನುಭವವಿದೆ.)

ಎಂಟು ದಿನ ಸಹಿಸಿದೆ. ಮದುಮಗನ ಕೆನ್ನೆಗೆ ಬ್ಯಾಂಡೇಜು ಹಾಕಿದ ಹಾಗೆ ಕಾಣುತ್ತಿತ್ತು. ಸೋಮವಾರ ಅಕ್ಕ ಬರುವವಳಿದ್ದಳು. ಭಾನುವಾರ ಬ್ಲೇಡು, ಬಿಸಿನೀರು, ಸೀಮೆಎಣ್ಣೆ ಸಮೇತ ಯುದ್ಧಕ್ಕಿಳಿದು ಪಟ್ಟಿಯನ್ನು ನಿರ್ನಾಮ ಮಾಡಿದೆ.

ನಮ್ಮ ಸೋಫಾದ ಪ್ಲಾಸ್ಟಿಕ್ಕು ಮೂರು ವರ್ಷದಿಂದ ಹಾಗೇ ಇದೆ. ಟಿವಿ ರಿಮೋಟು ಇನ್ನೂ ಕವರಿನಿಂದ ಹೊರಬಂದಿಲ್ಲ. ಫ್ರಿಜ್ಜಿನ ಸ್ಟಿಕ್ಕರನ್ನು ಮುಟ್ಟಿದವರಿಗೆ ಬೈಗುಳ ಖಾತ್ರಿ. ಕೀಳಬಹುದಾದದ್ದನ್ನೆಲ್ಲ ಕಾಪಾಡುವ ನಾವು, ಕೀಳಬೇಡಿ ಅಂದದ್ದನ್ನೇ ಯಾಕೆ ಮೊದಲು ಕೀಳುತ್ತೇವೆ?

ಊರಲ್ಲಿ ಮೆಕ್ಕೆಜೋಳದ ಸುಗ್ಗಿ. ಎರಡು ದಿನ ಸುಮ್ಮನಿದ್ದಿದ್ದರೆ ಧೂಳೇ ಗಾಜನ್ನು ತೋರಿಸಿಕೊಡುತ್ತಿತ್ತು. ನಾನು ಅದನ್ನೂ ಒರೆಸಿದೆ.

ಸೋಮವಾರ ಅಕ್ಕ ಚಹಾದ ಲೋಟ ಹಿಡಿದು ಹಿತ್ತಲ ಕಡೆ ಹೊರಟಳು. ಢಬ್ ಅಂತ ಸದ್ದಾಯಿತು.

ಗಾಜಿಗೆ ಏನೂ ಆಗಲಿಲ್ಲ. ಮೂಗು ಊದಿತು. ಅಕ್ಕ ಮೂಗಿಗೆ ಐಸ್ ಒತ್ತಿಕೊಂಡು ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು, ಅಂಗೈಯನ್ನು ಹತ್ತಿರ ಹಿಡಿದು ನೋಡಿಕೊಂಡಳು. ದೂರ ಹಿಡಿದು ನೋಡಿಕೊಂಡಳು.

"ಕಣ್ಣು ಹೋದುವಲ್ಲೋ," ಅಂದಳು ಮೆಲ್ಲಗೆ. "ಇಷ್ಟು ದೊಡ್ಡ ಬಾಗಲಾ ಕಾಣಲಿಲ್ಲ ಅಂದ್ರ ಬಸ್ಸು ಹೆಂಗ ಕಾಣ್ತೈತಿ? ಮಗಗ ಫೋನ್ ಹಚ್ಚು. ಬಂದು ಕರಕೊಂಡು ಹೋಗು ಅಂತ ಹೇಳು."

ಬಂದು ಕರಕೊಂಡು ಹೋಗು! ಅಕ್ಕನ ಬಾಯಲ್ಲಿ ಆ ಮಾತನ್ನು ನಾನು ಎಂದೂ ಕೇಳಿರಲಿಲ್ಲ.

ಮರ್ಯಾದಸ್ಥನಾದವನು ಇಲ್ಲಿ ಸತ್ಯ ಹೇಳಬೇಕು. ನಾನು ಗಜ್ಜರಿಯ, ಅಂದರೆ ಕ್ಯಾರೆಟ್ಟಿನ, ಮಹಿಮೆ ಹೇಳಿದೆ. ದಿನಾ ಒಂದು ತಿಂದರೆ ದೃಷ್ಟಿ ಸುಧಾರಿಸುತ್ತದಂತೆ ಅಂದೆ. ಹೆಂಡತಿ ಶಾಂತಾ ನನ್ನನ್ನೇ ನೋಡುತ್ತಿದ್ದಳು. ಅಕ್ಕ ತನ್ನ ಫೋನು ನನ್ನ ಕೈಗಿಟ್ಟಳು. ತೆರೆಯ ಮೇಲೆ ಮಗನ ಹೆಸರಿತ್ತು. ಒತ್ತಲು ಬೆರಳು ಏಳಲಿಲ್ಲ.

"ಅಕ್ಕ, ಬಾಗಲಕ್ಕ ಕೆಂಪು ಪಟ್ಟಿ ಇತ್ತು. ನಿನ್ನೆ ನಾನೇ ಕಿತ್ತೀನಿ."

"ಯಾಕ?"

"ಚಂದ ಕಾಣ್ಲಿ ಅಂತ."

ಅಕ್ಕ ಕನ್ನಡಕ ಹಾಕಿಕೊಂಡಳು. "ಲೇ ಖೋಡಿ! ನಾ ಇಲ್ಲಿ ನನ್ನ ಕಣ್ಣಿಗೆ ಬೈಕೊಂತ ಕುಂತೀನಿ, ನೀ ಗಜ್ಜರಿ ತಿನ್ನು ಅಂತಿಯಲ್ಲೋ!"

"ನಿನ್ನೆ ಸಂಜಿ ಇವರೂ ಅದಕ್ಕ ಹಣಿ ಬಡಕೊಂಡಾರ್ರೀ ಅಕ್ಕಾರ," ಅಂದಳು ಶಾಂತಾ. (ಇದನ್ನು ಓದುಗರಿಂದಲೂ ಮುಚ್ಚಿಡುವ ಇರಾದೆಯಿತ್ತು.)

"ಇವನೂ ಬಡಕೊಂಡಾನಾ?" ಅಕ್ಕನ ಮುಖ ಅರಳಿತು. ನನ್ನ ಹಣೆಯ ಬಾವು ಇನ್ನೊಬ್ಬರಿಗೆ ಇಷ್ಟು ಆರೋಗ್ಯಕರವಾದೀತು ಅಂತ ನನಗೆ ಗೊತ್ತಿರಲಿಲ್ಲ.

"ಸೋಮವಾರ ಐತಿ. ಈ ಬಾಗಲಕ್ಕ ಯಾಕ ವಿಭೂತಿ ಹಚ್ಚಿಲ್ಲ?" ಎಂದು ಅಕ್ಕ ಎದ್ದಳು. ನಮ್ಮ ಮನೆತನದಲ್ಲಿ ಪ್ರತಿ ಸೋಮವಾರ ಎಲ್ಲ ಬಾಗಿಲಿಗೂ ಮೂರು ಬೆರಳಿನ ವಿಭೂತಿ ಎಳೆಯುವುದು ರೂಢಿ. ಗಾಜು ಮಾಸುತ್ತದೆ ಅಂತ ಇದೊಂದಕ್ಕೆ ನಾನೇ ವಿನಾಯಿತಿ ಕೊಟ್ಟಿದ್ದೆ.

ಅಕ್ಕ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ತನ್ನ ಮೂಗಿನ ಎತ್ತರಕ್ಕೆ ಈ ಅಂಚಿನಿಂದ ಆ ಅಂಚಿಗೆ ಮೂರು ಗೆರೆ ಎಳೆದಳು. ಆಮೇಲೆ ತುದಿಗಾಲಲ್ಲಿ ನಿಂತು ಮೇಲೆ ಇನ್ನೂ ಮೂರು.

"ಇದು ನಿನ್ನ ಹಣಿಗೆ. ಒರಿಸೀ ಗಿರಿಸೀ ಮತ್ತ!"

ನಂತರ ನನ್ನ ಕೈಯಿಂದ ಫೋನು ಕಿತ್ತು ಚೀಲಕ್ಕೆ ಹಾಕಿಕೊಂಡಳು.

ಬುಧವಾರ ಬೆಳಿಗ್ಗೆ ಅಕ್ಕ ಒಬ್ಬಳೇ ಹಡಗಲಿಯ ಬಸ್ಸು ಹತ್ತಿದಳು.