ಕನ್ನಡ ಬಾರದ ನಾರ್ಮನ್ ಕೇಳಿಸಿಕೊಂಡದ್ದು

ಒಂದು ಭಾಷೆಯ ಒಂದೇ ಒಂದು ಪದವನ್ನೂ ಅರಿಯದವನು, ಆ ಭಾಷೆಯಲ್ಲಿ ತೋಡಿಕೊಂಡ ದುಃಖವನ್ನು ತಿಳಿಯಬಲ್ಲನೆ? ನೀವು ಉತ್ತರಿಸುವ ಮುನ್ನ ನನ್ನ ಪಕ್ಷವನ್ನು ಹೇಳಿಬಿಡುತ್ತೇನೆ. ಧಾರವಾಡದ ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದ ನಾನು ಪ್ರಮಾಣವಿಲ್ಲದ ಮಾತನ್ನು ಎಂದೂ ಒಪ್ಪಿದವಳಲ್ಲ. ಇಂಗ್ಲಿಷರ ನಾಡಿಗೆ ವಲಸೆ ಬಂದ, ಇಂಗ್ಲಿಷ್ ಬಾರದ ನಮ್ಮ ಹಿರಿಯರಿಗೆ ಇಲ್ಲಿನ ಆಸ್ಪತ್ರೆಗಳಲ್ಲಿ ತರಬೇತಾದ ದುಭಾಷಿಗಳೇ ಬೇಕು, ಮಕ್ಕಳ ಅರೆಬರೆ ಅನುವಾದ ಸಾಲದು ಎಂದು ವೆಂಬ್ಲಿಯಿಂದ ಗ್ರೀನ್‌ಫರ್ಡ್‌ವರೆಗೆ ಸಿಕ್ಕ ಸಭೆಗಳಲ್ಲೆಲ್ಲ ವಾದಿಸುತ್ತ ಬಂದಿದ್ದೇನೆ. ಮಾತು ತಿಳಿಯಬೇಕಾದರೆ ಭಾಷೆ ತಿಳಿದಿರಬೇಕು ಎಂಬುದು ನನ್ನ ಸಿದ್ಧಾಂತವಾಗಿತ್ತು. ಅದನ್ನು ಅಲುಗಾಡಿಸಿದವರು ಕ್ವೀನ್ಸ್‌ಬರಿಯಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದ ನಾರ್ಮನ್.

ನಾರ್ಮನ್ ಪೋಷಕ ನಟರು. ಎಲ್ಲರಿಗೂ ಮುಖ ಪರಿಚಿತ, ಯಾರಿಗೂ ಹೆಸರು ಗೊತ್ತಿಲ್ಲ. ಹರೆಯದಲ್ಲಿ ಸಮುದ್ರತೀರದ ಸಣ್ಣ ಊರುಗಳ ನಾಟಕ ಕಂಪನಿಯಲ್ಲಿ ವಾರಕ್ಕೊಂದು ಹೊಸ ನಾಟಕವನ್ನು ಬಾಯಿಪಾಠ ಮಾಡಿದವರು. ಅನಂತರ ಬದುಕೆಲ್ಲ ಟೀವಿಯಲ್ಲಿ ಇನ್ಸ್‌ಪೆಕ್ಟರ್, ಪಾದ್ರಿ, ಬ್ಯಾಂಕ್ ಮ್ಯಾನೇಜರ್ ಆಗಿ ಕಳೆದವರು. ಎಲ್ಲಕ್ಕಿಂತ ಹೆಚ್ಚಾಗಿ ಅವರಿಗೆ ಒದಗುತ್ತಿದ್ದದ್ದು ವೈದ್ಯನ ಪಾತ್ರ. ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಬಂದು, ಕನ್ನಡಕ ತೆಗೆದು, ಮನೆಯವರಿಗೆ ಕೆಟ್ಟ ಸುದ್ದಿ ಹೇಳುವ ವೈದ್ಯ. ಈಲಿಂಗ್ ರೋಡಿನಲ್ಲಿ ಅಪರಿಚಿತರು ತಡೆದು, ‘ನೀವು ನಮ್ಮ ಶಾಲೆಯ ಹೆಡ್‌ಮಾಸ್ಟರ್ ಅಲ್ಲವೆ?’ ಎಂದು ಕೇಳುತ್ತಿದ್ದರು. “ಅಲ್ಲ ಎಂದರೆ ಅವರಿಗೆ ನಿರಾಶೆ, ಹೌದು ಎಂದರೆ ಸುಳ್ಳು. ಅದಕ್ಕೇ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಯೆ ಎಂದು ಕೇಳಿಬಿಡುತ್ತೇನೆ” ಎನ್ನುತ್ತಿದ್ದರು ನಾರ್ಮನ್. ನಟನೆಯೆಂದರೇನೆಂದು ಒಮ್ಮೆ ಕೇಳಿದ್ದೆ. “ನಾಯಕನ ಕೆಲಸ ಮಾತಾಡುವುದು. ನನ್ನ ಕೆಲಸ, ಅವನು ಮಾತಾಡುವಾಗ ಕೇಳಿಸಿಕೊಳ್ಳುವುದು. ನನಗೆ ಸಂಬಳ ಕೊಟ್ಟದ್ದು ಅದಕ್ಕೇ” ಎಂದಿದ್ದರು.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನೊಡನೆ ಇರಲು ಬಂದಳು. ಮಧ್ಯಾಹ್ನ ಟೀವಿಯಲ್ಲಿ ಹಳೆಯ ಧಾರಾವಾಹಿಗಳನ್ನು ಮರುಪ್ರಸಾರ ಮಾಡುತ್ತಾರೆ. ಭಾಷೆ ತಿಳಿಯದಿದ್ದರೂ ಅವ್ವ ಕಣ್ಣು ಕೀಳದೆ ನೋಡುವಳು. ಒಂದು ದಿನ ನಮ್ಮ ಬಾಗಿಲು ತಟ್ಟಿದ ನಾರ್ಮನ್ನರನ್ನು ಕಂಡದ್ದೇ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

“ಡಾಕ್ಟರ್ ಸಾಹೇಬ್ರು ಬಂದಾರ, ಚಾ ಇಡವಾ.”

“ಅವರು ಡಾಕ್ಟರ್ ಅಲ್ಲಬೇ, ನಾಟಕದವರು.”

“ನೀ ಸುಮ್ನಿರು. ಟೀವ್ಯಾಗ ಕಣ್ಣಾರೆ ನೋಡೇನಿ. ನಿಮ್ಮ ಆಸ್ಪತ್ರಿ ಡಾಕ್ಟರ್ ಒಬ್ಬಾವರ ಹಿಂಗ ಎದುರಿಗೆ ಕುಂತು ಕೇಳ್ಯಾನೇನು? ಎಲ್ಲಾರೂ ಕಂಪ್ಯೂಟರ್ ಮಾರಿ ನೋಡಾವರ!”

ಸುಳ್ಳನ್ನು ಬೆಳೆಯಗೊಡಬಾರದೆಂದು ನಾನು ನಾರ್ಮನ್ನರಿಗೆ ವಿಷಯ ತಿಳಿಸಿದೆ. ಅವರು ನಕ್ಕರು. “ಇಷ್ಟು ವರ್ಷಗಳಲ್ಲಿ ನನ್ನ ವೈದ್ಯನನ್ನು ಸಂಪೂರ್ಣವಾಗಿ ನಂಬಿದ ಮೊದಲ ಪ್ರೇಕ್ಷಕರು ಇವರು. ಪಾತ್ರ ಕಿತ್ತುಕೊಳ್ಳಬೇಡಿ” ಎಂದರು.

ಆ ವರ್ಷ ಅವ್ವನ ಪಿತ್ತಕೋಶದಲ್ಲಿ ಕಲ್ಲುಗಳಾಗಿ, ಸೋಂಕು ಮತ್ತೆ ಮತ್ತೆ ಮರುಕಳಿಸತೊಡಗಿತು. ಶಸ್ತ್ರಚಿಕಿತ್ಸೆ ತಡವಾದರೆ ಜೀವಕ್ಕೆ ಅಪಾಯವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಅವ್ವ ಒಪ್ಪಲಿಲ್ಲ. ದುಭಾಷಿಯೊಬ್ಬರನ್ನು ಹಟ ಹಿಡಿದು ಕರೆಸಿದೆ. ಅವರ ಪಕ್ಕದಲ್ಲಿ ಕುಳಿತು ನಾನೂ ವಾದಿಸಿದೆ. ಕಾರಣ ಕೇಳಿದರೆ ಅವ್ವ ಗೋಡೆಯ ಕಡೆ ಮುಖ ತಿರುಗಿಸುವಳು.

ಒಂದು ಮಧ್ಯಾಹ್ನ ನೋವು ಹೆಚ್ಚಿತು. ಔಷಧಿ ತರಲು ಹೊರಟ ನಾನು, ಬರುವವರೆಗೆ ಅವ್ವನ ಬಳಿ ಕುಳಿತಿರುವಂತೆ ನಾರ್ಮನ್ನರನ್ನು ಕೇಳಿಕೊಂಡೆ. ಮರಳಿ ಬಂದಾಗ ಅವ್ವ ನಿದ್ದೆಹೋಗಿದ್ದಳು. ಕೆನ್ನೆಯ ಮೇಲೆ ಕಣ್ಣೀರಿನ ಗೆರೆ ಇನ್ನೂ ಒದ್ದೆಯಾಗಿತ್ತು. ನಾರ್ಮನ್ ನನ್ನನ್ನು ಬಾಗಿಲ ಬಳಿಗೆ ಕರೆದು, ಕನ್ನಡಕ ತೆಗೆದು, ತಗ್ಗಿದ ದನಿಯಲ್ಲಿ ಹೇಳಿದರು:

“ನಿಮ್ಮ ಭಾಷೆಯಲ್ಲೇ ಎಲ್ಲವನ್ನೂ ಹೇಳಿಕೊಂಡು ಅತ್ತರು. ಅವರಿಗಿರುವುದು ಶಸ್ತ್ರಚಿಕಿತ್ಸೆಯ ಕತ್ತರಿಯ ಭಯವಲ್ಲ, ಎಚ್ಚರ ತಪ್ಪಿಸುವ ಮಂಪರಿನದು. ಹಿಂದೆ ಒಮ್ಮೆ ಮಂಪರು ಕೊಟ್ಟಿದ್ದರು. ಎಚ್ಚರಾದಾಗ ಮಗು ಇರಲಿಲ್ಲ. ಆ ಪುಟ್ಟ ಟೋಪಿ, ಬೆನ್ನಿನವರೆಗೆ ಇಳಿಬಿದ್ದಿರುತ್ತದಲ್ಲ, ಅದನ್ನು ಇಂದಿಗೂ ಹುಡುಕುತ್ತಿದ್ದಾರೆ. ಅದು ಮಗುವಿನ ಜೊತೆಗೇ ಹೋಯಿತೆಂದು ಅವರಿಗೆ ಹೇಳಿ.”

ನನಗೆ ಕೋಪ ಬಂತು. ನಾನು ಅವ್ವನ ಒಬ್ಬಳೇ ಮಗಳು. ಯಾವ ಮಗು, ಯಾವ ಟೋಪಿ? ಆದರೂ ಧಾರವಾಡದಲ್ಲಿರುವ ಚಿಗವ್ವನಿಗೆ, ಅವ್ವನ ತಂಗಿಗೆ, ಫೋನ್ ಮಾಡಿದೆ. ಕೇಳಿಸಿಕೊಂಡ ಚಿಗವ್ವ ಎದ್ದು ಕೋಣೆಯ ಬಾಗಿಲು ಹಾಕಿಕೊಂಡದ್ದು ಕೇಳಿಸಿತು.

“ನಿನಗ ಯಾರ್ ಹೇಳಿದ್ರು ಇದನ್ನ?”

ನನಗಿಂತ ಮೊದಲು ಒಂದು ಹೆಣ್ಣುಕೂಸು ಹುಟ್ಟಿತ್ತಂತೆ. ಶಸ್ತ್ರಚಿಕಿತ್ಸೆಯ ಹೆರಿಗೆ, ಕೂಸು ಉಳಿಯಲಿಲ್ಲ. ಅವ್ವನಿಗೆ ಎಚ್ಚರವಾಗುವ ಮುನ್ನವೇ ಗಂಡಸರು ಒಯ್ದು ಮಣ್ಣು ಮಾಡಿದ್ದರು. ಹುಟ್ಟುವ ಮೊದಲು ಕೂಸಿಗೆ ಏನನ್ನೂ ಹೊಲಿಯಬಾರದೆಂಬ ಹಿರಿಯರ ಮಾತನ್ನು ಮೀರಿ, ಅವ್ವ ಗುಟ್ಟಾಗಿ ಖಣದ ಬಟ್ಟೆಯಲ್ಲಿ ಕುಂಚಿಗೆಯೊಂದನ್ನು, ಬೆನ್ನಿನವರೆಗೆ ಇಳಿಯುವ ಕೂಸಿನ ಟೋಪಿಯನ್ನು, ಹೊಲಿದಿಟ್ಟಿದ್ದಳು. ಅದರಿಂದಲೇ ಹೀಗಾಯಿತೆಂದು ತನ್ನನ್ನೇ ಶಪಿಸಿಕೊಂಡಳಂತೆ.

“ಆ ಕುಂಚಿಗಿ ಎಲ್ಲಿ ಹೋತು ಚಿಗವ್ವಾ?”

“ಕೂಸಿನ ತಲಿಗೆ ನಾನ ಕಟ್ಟಿ ಕಳಿಸಿದೆ. ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ಅಕ್ಕನ ಮುಂದ ಕೂಸಿನ ಸುದ್ದೀನ ತಗೀಬ್ಯಾಡ ಅಂತ ಹಿರ್ಯಾರು ಆಣಿ ಹಾಕಿಸಿದ್ರು. ಅಕಿಗೆ ಇವತ್ತಿನತನ ಗೊತ್ತಿಲ್ಲ.”

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅವ್ವನ ಮುಖಭಾವದಿಂದ, ಕೈಸನ್ನೆಯಿಂದ ನಾರ್ಮನ್ ಮಗುವನ್ನು ಊಹಿಸಿರಬಹುದು, ಕುಂಚಿಗೆಯನ್ನೂ ಊಹಿಸಿರಬಹುದು. ಕಷ್ಟಪಟ್ಟಾದರೂ ಇಷ್ಟನ್ನು ಒಪ್ಪುತ್ತೇನೆ. ಆದರೆ ಅವ್ವನಿಗೇ ಗೊತ್ತಿಲ್ಲದ್ದನ್ನು ಅವ್ವನ ಮುಖದಲ್ಲಿ ಓದುವುದು ಹೇಗೆ?

ಮೇಲೆ ಹೋಗಿ ಅವರನ್ನೇ ಕೇಳಿದೆ. ಅವರು ಮುಜುಗರಪಟ್ಟರು. “ವೈದ್ಯನ ಪಾತ್ರ ಕೆಟ್ಟ ಸುದ್ದಿ ಹೇಳಿ ಸುಮ್ಮನೆ ನಡೆದುಬಿಡಬಾರದು. ಮನೆಯವರ ಕೈಯಲ್ಲಿ ಏನನ್ನಾದರೂ ಇಟ್ಟು ಹೋಗಬೇಕು. ಬರೆದವರು ಕೊಟ್ಟಿರದಿದ್ದರೆ ನಾನೇ ಒಂದು ಸಾಲು ಸೇರಿಸುತ್ತಿದ್ದೆ. ಅಂದೂ ಒಂದು ಸಾಲು ಬಂತು.”

“ಎಲ್ಲಿಂದ ಬಂತು?”

“ನಿರ್ದೇಶಕರೂ ಅದನ್ನೇ ಕೇಳುತ್ತಿದ್ದರು, ಬಹಳ ಸಿಟ್ಟಿನಿಂದ” ಎಂದರು. ನಗಲು ಯತ್ನಿಸಿದರು. ಆದರೆ ಚಿಗವ್ವ ಹೇಳಿದ್ದನ್ನು ತಿಳಿಸಿದಾಗ ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ಅವರು ಆ ಮಾತನ್ನು ಎತ್ತಲೇ ಇಲ್ಲ. ನಮ್ಮ ಮನೆಗೆ ಬಂದಾಗಲೂ ಅವ್ವನ ಕಣ್ಣಿಗೆ ಕಣ್ಣು ಕೊಡಲು ಹೆದರಿದವರಂತೆ ಕಾಣುತ್ತಿದ್ದರು.

ಆ ದಿನವೇ ಸಂಜೆ ಅವ್ವನ ಪಕ್ಕದಲ್ಲಿ ಕುಳಿತು, “ಕುಂಚಿಗಿ ಕೂಸಿನ ಕೂಡನ ಹೋಗೇದಬೇ. ಚಿಗವ್ವ ಕಟ್ಟಿ ಕಳಿಸಿದ್ಳಂತ” ಎಂದೆ. ಅವ್ವ ಹಾಸಿಗೆಯಲ್ಲಿ ಎದ್ದು ಕುಳಿತಳು. ನನಗೆ ಯಾರು ಹೇಳಿದರೆಂದು ಕೇಳಲಿಲ್ಲ.

“ಗಟ್ಟಿ ಕಟ್ಟಿದ್ಳೇನು? ಥಂಡಿ ಇತ್ತವಾ ಆವತ್ತು” ಎಂದಳು.

ಮರುದಿನ ತಾನಾಗಿಯೇ ಶಸ್ತ್ರಚಿಕಿತ್ಸೆಗೆ ಒಪ್ಪಿದಳು. ಎಚ್ಚರಾಗುವಾಗ ನಾನು ಎದುರಿಗೇ ಇರಬೇಕೆಂಬುದೊಂದೇ ಅವಳ ಷರತ್ತು. ಇದ್ದೆ. ಕಣ್ಣು ತೆರೆದವಳು ಮೊದಲು ನನ್ನ ಕೈ ತಡವಿ, ನಾನು ಎದುರಿಗಿದ್ದೇನೆಂದು ಖಚಿತಪಡಿಸಿಕೊಂಡು, ಮತ್ತೆ ಕಣ್ಣು ಮುಚ್ಚಿದಳು.

ನಾರ್ಮನ್ ಈಗಿಲ್ಲ. ಅವರಿಗೆ ಬಂದ ಆ ಸಾಲು ಕಾಕತಾಳೀಯವೆಂದು ಎಷ್ಟೋ ಸಲ ನನಗೆ ನಾನೇ ವಾದಿಸಿದ್ದೇನೆ. ಆ ವಾದದಲ್ಲಿ ಪ್ರತಿ ಸಲವೂ ಸೋತಿದ್ದೇನೆ. ಮಧ್ಯಾಹ್ನದ ಟೀವಿಯಲ್ಲಿ ಅವರು ಕನ್ನಡಕ ತೆಗೆಯುವುದನ್ನು ಕಂಡರೆ ಇಂದಿಗೂ ನನಗೆ ಅಳುಕು. ಅವ್ವ ಮಾತ್ರ ಟೀವಿಗೆ ಕೈಮುಗಿಯುತ್ತಾಳೆ.

ದುಭಾಷಿಗಳಿಗಾಗಿ ನಾನು ಈಗಲೂ ಹೋರಾಡುತ್ತೇನೆ. ಅದರೊಂದಿಗೆ ಒಂದು ಬೇಡಿಕೆಯನ್ನು ಸೇರಿಸಿದ್ದೇನೆ, ಅದು ನಿಮ್ಮಲ್ಲಿಯೇ. ಮುಂದಿನ ಸಲ ನಿಮ್ಮ ತಾಯಿಯನ್ನೋ ತಂದೆಯನ್ನೋ ಆಸ್ಪತ್ರೆಗೆ ಕರೆದೊಯ್ದಾಗ ದುಭಾಷಿಯನ್ನು ಕೇಳಿ ಪಡೆಯಿರಿ. ಮಕ್ಕಳೆದುರು ಬಾಯಿಗೆ ಬಾರದ ಮಾತೊಂದು ಅವರಲ್ಲಿರಬಹುದು. ಆಮೇಲೆ ದಯವಿಟ್ಟು ಸ್ವಲ್ಪ ಹೊತ್ತು ಆ ಕೋಣೆಯಿಂದ ಹೊರಗೆ ಬನ್ನಿರಿ.